ಅಪ್ಪನ ಅರವತ್ತನ್ನು ಹಡಗಿನಲ್ಲಿ ಆಚರಿಸಬಹುದಾ?

ಪ್ರಶ್ನೆ: ನಮ್ಮ ಅಪ್ಪ ಹುಟ್ಟಿದ್ದು 1966ರ ನವೆಂಬರ್ ಕೊನೆಯಲ್ಲಿ. 2026ರ ನವೆಂಬರ್‌ಗೆ ಅರವತ್ತು ತುಂಬುತ್ತದೆ. ಛತ್ರ, ಊಟದ ಎಲೆ ಅಂತೆಲ್ಲ ಓಡಾಡುವ ಬದಲು ಮನೆಯವರೆಲ್ಲ ಸೇರಿ ಕ್ರೂಸ್ ಹೋಗೋಣ, ಷಷ್ಟ್ಯಬ್ದಿ ಹೋಮವನ್ನೂ ಅಲ್ಲೇ ಚಿಕ್ಕದಾಗಿ ಮಾಡಿಸೋಣ ಅಂತ ಮಕ್ಕಳು ಯೋಚಿಸಿದ್ದೇವೆ. ಮಕ್ಕಳು ಮರಿ ಸೇರಿ 16 ಜನ. ಮುಂಬೈನಿಂದ ಎರಡು ರಾತ್ರಿಯ ಗೋವಾ ಸುತ್ತು ಒಳ್ಳೆಯದಾ, ಸಿಂಗಪುರದಿಂದ ಹೊರಡುವುದು ಒಳ್ಳೆಯದಾ? ಮುಂಬೈನಲ್ಲಿರುವ ಸೋದರತ್ತೆ ಮನೆಯವರು ಹಡಗು ಹೊರಡುವ ಮುಂಚೆ ಒಳಗೆ ಬಂದು ಹರಸಿ ಹೋಗಬಹುದಾ? ಇದೆಲ್ಲ ಅಪ್ಪನಿಗೆ ಸರ್ಪ್ರೈಸ್ ಆಗಿರಬೇಕು. ತಂಗಿಗೆ ಆಗ ಏಳು ತಿಂಗಳಾಗಿರುತ್ತದೆ, ಅವಳಿಗಾಗಿ ಬೇರೆ ವ್ಯವಸ್ಥೆ ಏನಾದರೂ ಮಾಡಿಸಬೇಕಾ? — ಮೈಸೂರಿನ ಓದುಗರು

ಉತ್ತರ: ನಿಮ್ಮ ಕೊನೆಯ ಸಾಲನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಏಳು ತಿಂಗಳ ಗರ್ಭಿಣಿಯನ್ನು ಕ್ರೂಸ್ ಹಡಗಿಗೆ ಹತ್ತಿಸಿಕೊಳ್ಳುವುದಿಲ್ಲ. ದೊಡ್ಡ ಕಂಪನಿಗಳೆಲ್ಲ ಹೆಚ್ಚುಕಡಿಮೆ ಒಂದೇ ನಿಯಮ ಇಟ್ಟುಕೊಂಡಿವೆ. ಪ್ರಯಾಣ ಮುಗಿಯುವ ದಿನಕ್ಕೆ 24 ವಾರ ಮುಟ್ಟಿರಬಾರದು. ಹೊರಡುವ ದಿನಕ್ಕಲ್ಲ, ಮುಗಿಯುವ ದಿನಕ್ಕೆ. ಏಳು ತಿಂಗಳು ಅಂದರೆ 28 ವಾರದ ಆಸುಪಾಸು. ವ್ಯವಸ್ಥೆ ಮಾಡಿಸುವ ಪ್ರಶ್ನೆಯೇ ಇಲ್ಲ. ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಪುಟ್ಟ ಆಸ್ಪತ್ರೆಯೂ ಇರುತ್ತದೆ. ಆದರೆ ದಿನ ತುಂಬದೆ ಹುಟ್ಟಿದ ಕೂಸನ್ನು ಉಳಿಸಿಕೊಳ್ಳುವ ಸಲಕರಣೆ ಇರುವುದಿಲ್ಲ. ಮುಚ್ಚಿಟ್ಟು ಹೋಗೋಣ ಅಂದರೆ, ಹತ್ತುವ ಮುಂಚೆ ಆರೋಗ್ಯದ ಫಾರ್ಮ್ ತುಂಬಬೇಕು. ಅಲ್ಲಿಂದ ವಾಪಸ್ ಕಳಿಸಿದರೆ ಕಟ್ಟಿದ ದುಡ್ಡು ಕೈಗೆ ಬರುವುದು ಕಷ್ಟ.

ಸೀಮಂತವನ್ನು ಹಡಗಿನಲ್ಲಿ ಮಾಡಬಹುದಾ ಅಂತ ಆಗಾಗ ಯಾರಾದರೂ ಕೇಳುತ್ತಿರುತ್ತಾರೆ. ಅವರಿಗೂ ಇದೇ ಉತ್ತರ. ನಾಮಕರಣವೂ ಆಗದು. ಕೂಸಿಗೆ ಕನಿಷ್ಠ 6 ತಿಂಗಳು ತುಂಬಿರಬೇಕು, ದಿನಗಟ್ಟಲೆ ಬಂದರು ಸಿಗದ ದೂರದ ಪ್ರಯಾಣವಾದರೆ 1 ವರ್ಷ. ಮಗುವಿನ ಮೊದಲ ಹುಟ್ಟುಹಬ್ಬವನ್ನು ಮಾತ್ರ ಧಾರಾಳವಾಗಿ ಆಚರಿಸಬಹುದು.

ಇನ್ನು ಹೋಮ. ಅದೂ ಆಗುವುದಿಲ್ಲ. ಚಿಕ್ಕದಾಗಿ ಕೂಡ. ಊರಿನಲ್ಲಿ ಬೆಂಕಿ ಬಿದ್ದರೆ ಬೀದಿಗೆ ಓಡಬಹುದು, ಅಗ್ನಿಶಾಮಕದವರು ಬರುತ್ತಾರೆ. ನಡುಸಮುದ್ರದಲ್ಲಿ ಬೀದಿಯೂ ಇಲ್ಲ, ಬರುವವರೂ ಇಲ್ಲ. ಸಿಬ್ಬಂದಿಯೇ ಆರಿಸಬೇಕು. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ಹುಟ್ಟಿದ್ದು ಸೋಲಾಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದ. ಆಮೇಲೆ ಅದು ಹಲವು ಸಲ ಬದಲಾಗಿದೆ. ಹಡಗುಗಳ ಬೆಂಕಿ ನಿಯಮಗಳ ಬೇರು ಅಲ್ಲಿದೆ. 2006ರ ಮಾರ್ಚ್‌ನಲ್ಲಿ ಕೆರಿಬಿಯನ್ ಸಮುದ್ರದಲ್ಲಿ ಸ್ಟಾರ್ ಪ್ರಿನ್ಸೆಸ್ ಅನ್ನುವ ಹಡಗಿನ ಬಾಲ್ಕನಿಯೊಂದರಲ್ಲಿ ಬೆಂಕಿ ಹೊತ್ತಿಕೊಂಡಿತು. ಯಾರೋ ಎಸೆದ ಸಿಗರೇಟ್ ತುಂಡೇ ಕಾರಣವಿರಬೇಕು ಅಂತ ತನಿಖೆಯವರು ಅಂದಾಜು ಮಾಡಿದರು. ಬಾಲ್ಕನಿಯಿಂದ ಬಾಲ್ಕನಿಗೆ ಹರಡಿ ಸಾಲು ಸಾಲು ಕ್ಯಾಬಿನ್ ಸುಟ್ಟುಹೋದವು. ಹೊಗೆಯಿಂದ ಒಬ್ಬ ಪ್ರಯಾಣಿಕರು ತೀರಿಕೊಂಡರು. ಒಂದು ಸಿಗರೇಟ್ ತುಂಡು ಇಷ್ಟು ಮಾಡಬಹುದಾದರೆ ಸಮಿತ್ತು, ತುಪ್ಪ ಸುರಿದ ಹೋಮಕುಂಡಕ್ಕೆ ಯಾವ ಕ್ಯಾಪ್ಟನ್ ಒಪ್ಪಿಯಾನು?

ಹೋಮ ಮಾತ್ರವಲ್ಲ. ಊದುಬತ್ತಿ, ಕರ್ಪೂರ, ಹಣತೆ, ಮೇಣದಬತ್ತಿ, ಸುರುಸುರುಬತ್ತಿ ಯಾವುದನ್ನೂ ಹಚ್ಚುವ ಹಾಗಿಲ್ಲ. ಬ್ಯಾಗ್ ಎಕ್ಸ್‌ರೇಯಲ್ಲಿ ಹೋದಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ನೀರು ಕಾಯಿಸುವ ಕೆಟಲ್, ಇಸ್ತ್ರಿಪೆಟ್ಟಿಗೆಗಳದ್ದೂ ಅದೇ ಗತಿ. ಬ್ಯಾಟರಿ ದೀಪದ ಆರತಿ ತಟ್ಟೆ ಈಗ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಒಯ್ಯಲು ಅಡ್ಡಿಯಿಲ್ಲ. ನನಗಂತೂ ಅದು ಹಿಡಿಸುವುದಿಲ್ಲ. ಆರತಿ ಅಂದಮೇಲೆ ಬಿಸಿ ತಾಗಬೇಕು. ಇಲ್ಲದಿದ್ದರೆ ಸುಮ್ನೆ ಕಾಲಿಗೆ ನಮಸ್ಕಾರ ಮಾಡಿದರೆ ಸಾಕು.

ಹಾಗಾದರೆ ಏನು ಮಾಡುವುದು? ಷಷ್ಟ್ಯಬ್ದಿ ಶಾಂತಿಯನ್ನು ಮೈಸೂರಿನಲ್ಲಿ ಮಾಡಿ, ಸಂಭ್ರಮವನ್ನು ಹಡಗಿನಲ್ಲಿ ಮಾಡಿ. ಎರಡನ್ನೂ ಗಂಟು ಹಾಕಬೇಡಿ. ಒಮ್ಮೆ ಬಿಡಿಸಿಟ್ಟರೆ ನಿಮ್ಮ ಮುಕ್ಕಾಲು ಪ್ರಶ್ನೆಗಳು ತಾವಾಗಿಯೇ ಬಗೆಹರಿಯುತ್ತವೆ.

ಷಷ್ಟ್ಯಬ್ದಿಯನ್ನು ಬಹಳ ಮನೆಗಳಲ್ಲಿ ಜನ್ಮನಕ್ಷತ್ರ ನೋಡಿ ಮಾಡುತ್ತಾರೆ. ಹಡಗಿನ ತಾರೀಖು ಕಂಪನಿಯ ಕೈಯಲ್ಲಿ. ಎರಡೂ ಒಂದೇ ದಿನ ಬೀಳುವುದು ಅದೃಷ್ಟದ ಮಾತು. ನಿಮ್ಮ ತಂದೆ ಹುಟ್ಟಿದ್ದು ಪರಾಭವ ಸಂವತ್ಸರದಲ್ಲಿ, 60 ವರ್ಷದ ಚಕ್ರ ಒಂದು ಸುತ್ತು ಬಂದು 2026ರ ಯುಗಾದಿಯಿಂದ ಮತ್ತೆ ಪರಾಭವ. ಆ ಸಂವತ್ಸರದಲ್ಲಿ, ಆ ನಕ್ಷತ್ರದಲ್ಲಿ, ನಿಮ್ಮ ಮನೆಯ ಪುರೋಹಿತರೇ ಬಂದು, ಹಜಾರದಲ್ಲಿ ಹೋಮ ಆಗಲಿ. ಛತ್ರವೇ ಬೇಕು ಅಂತೇನಿಲ್ಲ. ನಿಮ್ಮ ತಂಗಿಯೂ ಇರುತ್ತಾಳೆ. ಸೋದರತ್ತೆಯವರೂ ಅಲ್ಲಿಗೇ ಬರಲಿ, ಏಕೆಂದರೆ ಹಡಗಿನೊಳಗೆ ಅವರನ್ನು ಬಿಡುವುದಿಲ್ಲ.

ಹಿಂದೆ ಬಿಡುತ್ತಿದ್ದರು. ದೊಡ್ಡ ಹಡಗುಗಳಲ್ಲಿ ಬೇರೆ ದೇಶಕ್ಕೆ ಹೋಗುತ್ತಿದ್ದ ಕಾಲದಲ್ಲಿ ಕಳಿಸಿಕೊಡಲು ಬಂದ ನೆಂಟರು ಮೇಲೆ ಹತ್ತಿ, ತಿಂಡಿ ತಿಂದು, ಗಂಟೆ ಬಾರಿಸಿದ ಮೇಲೆ ಇಳಿಯುತ್ತಿದ್ದರು. 2001ರ ಸೆಪ್ಟೆಂಬರ್ ದಾಳಿಯ ಮೇಲೆ ಹಡಗು, ಬಂದರುಗಳಿಗೆ ಹೊಸ ಭದ್ರತಾ ನಿಯಮ ಬಂತು. 2004ರ ಜುಲೈನಿಂದ ಅದು ಜಾರಿಯಲ್ಲಿದೆ. ಈಗ ಪ್ರಯಾಣಿಕರ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಸಾಮಾನ್ಯವಾಗಿ ಬಂದರಿನ ಬಾಗಿಲಲ್ಲೇ ತಡೆ. ಹಡಗಿನಲ್ಲೇ ಮದುವೆಯ ಪ್ಯಾಕೇಜ್ ತೆಗೆದುಕೊಂಡವರಿಗೆ ಕೆಲವು ವಿದೇಶಿ ಕಂಪನಿಗಳು ವಿನಾಯಿತಿ ಕೊಡುತ್ತವೆ. ಹುಟ್ಟುಹಬ್ಬಕ್ಕೆ ಅದನ್ನು ನೆಚ್ಚಿಕೊಳ್ಳಬೇಡಿ.

ದುಡ್ಡಿದ್ದರೆ ಎಲ್ಲ ನಡೆಯುತ್ತದೆ ಅಂತ ಯಾರಾದರೂ ಹೇಳಿದರೆ ಒಂದು ಉದಾಹರಣೆ ಕೊಡಿ. 2024ರ ಮೇ ಕೊನೆಯಲ್ಲಿ ಅನಂತ್ ಅಂಬಾನಿ ಮತ್ತು ರಾಧಿಕಾ ಮರ್ಚೆಂಟ್ ಅವರ ಮದುವೆ ಮುಂಚಿನ ಸಡಗರಕ್ಕೆ ಸೆಲೆಬ್ರಿಟಿ ಅಸೆಂಟ್ ಅನ್ನುವ ಇಡೀ ಹಡಗನ್ನೇ ಗೊತ್ತು ಮಾಡಿದ್ದರು. ಇಟಲಿ, ಫ್ರಾನ್ಸ್ ತೀರದಲ್ಲಿ ಕುಣಿತ, ಊಟ, ಹಾಡು ಎಲ್ಲ ಆಯಿತು. ಸಪ್ತಪದಿ ಆಗಿದ್ದು ಮಾತ್ರ ಜುಲೈನಲ್ಲಿ, ಮುಂಬೈನಲ್ಲಿ, ನೆಲದ ಮೇಲೆ.

ಮದುವೆಯ ಮಾತು ಬಂತು ಅಂತ ಇನ್ನೊಂದು ಹೇಳಿಬಿಡುತ್ತೇನೆ. ಕ್ಯಾಪ್ಟನ್ ಯಾರಿಗೆ ಬೇಕಾದರೂ ಮದುವೆ ಮಾಡಿಸಬಹುದು ಅನ್ನುವುದು ಅರ್ಧ ಸತ್ಯ. ಹಡಗು ಯಾವ ದೇಶದಲ್ಲಿ ನೋಂದಣಿ ಆಗಿದೆಯೋ ಆ ದೇಶದ ಕಾನೂನು ಒಪ್ಪಬೇಕು. ಕ್ಯುನಾರ್ಡ್ ಕಂಪನಿಯ ಹಡಗುಗಳು ಬ್ರಿಟನ್ನಿನ ನೋಂದಣಿಯಲ್ಲಿದ್ದಾಗ ಕ್ಯಾಪ್ಟನ್ ಮದುವೆ ಮಾಡಿಸುವಂತಿರಲಿಲ್ಲ. 2011ರಲ್ಲಿ ನೋಂದಣಿಯನ್ನು ಬರ್ಮುಡಾಕ್ಕೆ ಬದಲಿಸಿದ ಮೇಲೆ ಶುರುವಾಯಿತು. ನಮ್ಮವರಿಗೆ ನನ್ನ ಸಲಹೆ ಒಂದೇ. ಮದುವೆ ಊರಿನಲ್ಲಿ, ನೋಂದಣಿ ಊರಿನಲ್ಲಿ, ರಿಸೆಪ್ಷನ್ ಬೇಕಾದರೆ ಹಡಗಿನಲ್ಲಿ.

ಸರಿ, ಹಡಗಿಗೆ ಯಾವಾಗ ಹೋಗುವುದು? ಶಾಂತಿ ಬೇರೆ ಆಯಿತಾದ್ದರಿಂದ ತಾರೀಖು ಈಗ ನಿಮ್ಮ ಕೈಯಲ್ಲಿದೆ. ತಂಗಿಯನ್ನು ಬಿಟ್ಟು ಹೋಗುವ ಯೋಚನೆ ಇಲ್ಲ ಅಂದುಕೊಂಡಿದ್ದೇನೆ. ಒಂದು ದಾರಿ, 2026ರ ದಸರಾ ರಜೆ. ಆಗ ಅವಳಿಗೆ 22–23 ವಾರ ಇರಬಹುದು. ವಾರಗಳ ಲೆಕ್ಕ ಬರೆದ ಡಾಕ್ಟರ್ ಪತ್ರ ಬೇಕು, ಮತ್ತು ಒಂದು ವಾರ ಆಚೀಚೆ ಆದರೆ ಬಾಗಿಲು ಮುಚ್ಚಿತು. ಅದೂ ಅಲ್ಲದೆ, ಅರವತ್ತು ತುಂಬುವ ಮುಂಚೆಯೇ ಆಚರಿಸುವುದಕ್ಕೆ ನಿಮ್ಮ ಅಮ್ಮ ಒಪ್ಪುತ್ತಾರಾ? ಇನ್ನೊಂದು ದಾರಿ, 2027ರ ದಸರಾ ರಜೆ. ಮಗುವಿಗೆ ಅಷ್ಟರಲ್ಲಿ ಏಳೆಂಟು ತಿಂಗಳು. ನಾನಾಗಿದ್ದರೆ ಇದನ್ನೇ ಆರಿಸುತ್ತಿದ್ದೆ. 23 ವಾರದ ಗರ್ಭಿಣಿಗೆ ಸಮುದ್ರದ ವಾಕರಿಕೆ ಬೇರೆ ಸೇರಿಕೊಂಡರೆ ಮೂರು ದಿನವೂ ಅವಳು ಕ್ಯಾಬಿನ್ ಬಿಟ್ಟು ಹೊರಗೆ ಬರುವುದಿಲ್ಲ, ನಿಮ್ಮ ಅಮ್ಮ ಅವಳನ್ನು ಬಿಟ್ಟು ಬರುವುದಿಲ್ಲ. ಆಮೇಲೆ ಯಾರ ಹಬ್ಬ ಅದು? ವರ್ಷ ತಡವಾಯಿತಲ್ಲ ಅಂತ ಯಾರೂ ಕೇಳುವುದಿಲ್ಲ, ಶಾಂತಿ ಸಮಯಕ್ಕೆ ಸರಿಯಾಗಿ ಆಗಿರುತ್ತದಲ್ಲ.

ಮುಂಬೈ, ಸಿಂಗಪುರ ಎರಡರಲ್ಲಿ ನಿಮ್ಮ ಮನೆಗೆ ಸಿಂಗಪುರವೇ ಸರಿ ಅನಿಸುತ್ತದೆ. ಕಾರಣ ಹೇಳುತ್ತೇನೆ.

ಎರಡು ರಾತ್ರಿಯ ಪ್ರಯಾಣದಲ್ಲಿ ಆಚರಣೆಗೆ ಜಾಗವೇ ಇಲ್ಲ. ಗಂಟೆಗಂಟೆಯಾಗಿ ನೋಡಿ. ಮೊದಲ ದಿನ ಮಧ್ಯಾಹ್ನ ಬಂದರಿಗೆ ಹೋಗುತ್ತೀರಿ. ಕ್ಯೂ, ಭದ್ರತಾ ತಪಾಸಣೆ, ಫೋಟೊ, ಕಾರ್ಡ್. ಹತ್ತಿದ ಮೇಲೆ ಕ್ಯಾಬಿನ್ ತಯಾರಾಗಿರುವುದಿಲ್ಲ. ಬಂದರಿನಲ್ಲಿ ಒಪ್ಪಿಸಿದ ಸೂಟ್‌ಕೇಸು ಸಂಜೆ ಎಷ್ಟೊತ್ತಿಗೋ ಬಾಗಿಲ ಮುಂದೆ ಬರುತ್ತದೆ. ನಡುವೆ ಸುರಕ್ಷತಾ ಕವಾಯತು, ಅದನ್ನು ಯಾರೂ ತಪ್ಪಿಸುವ ಹಾಗಿಲ್ಲ. 2012ರ ಜನವರಿಯಲ್ಲಿ ಇಟಲಿಯ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದಾಗ, ಕೆಲವೇ ಗಂಟೆಗಳ ಹಿಂದೆ ಹತ್ತಿದ್ದವರಿಗೆ ಕವಾಯತು ಆಗಿರಲೇ ಇಲ್ಲ. ಹಿಂದೆ 24 ಗಂಟೆಯೊಳಗೆ ಮಾಡಿದರೆ ನಡೆಯುತ್ತಿತ್ತು. 2015ರಿಂದ ಹಡಗು ಹೊರಡುವ ಮುಂಚೆ, ಇಲ್ಲವೇ ಹೊರಟ ತಕ್ಷಣ ಮಾಡಲೇಬೇಕು. ಒಟ್ಟಿನಲ್ಲಿ ಮೊದಲ ಸಂಜೆ ಮದುವೆಮನೆಯ ಹಿಂದಿನ ದಿನದ ಹಾಗೆ, ಎಲ್ಲರೂ ಓಡಾಡುತ್ತಿರುತ್ತಾರೆ, ಯಾರಿಗೂ ಬೇಕಾದ್ದು ಸಿಗುವುದಿಲ್ಲ. ಇನ್ನು ಕೊನೆಯ ರಾತ್ರಿ ದೊಡ್ಡ ಪೆಟ್ಟಿಗೆಗಳನ್ನು ಕಟ್ಟಿ ಬಾಗಿಲ ಹೊರಗೆ ಇಡಬೇಕು, ಬೆಳಗ್ಗೆ ಬೇಗ ಇಳಿಯಬೇಕು. ಎರಡೇ ರಾತ್ರಿಯಲ್ಲಿ ಒಂದು ಮೊದಲನೆಯದು, ಇನ್ನೊಂದು ಕೊನೆಯದು. ಹಬ್ಬದ ರಾತ್ರಿ ಯಾವುದು? ಕನಿಷ್ಠ ಮೂರು ರಾತ್ರಿ ಬೇಕು, ನಾಲ್ಕಾದರೆ ಚೆನ್ನ. ಅಪ್ಪನ ಊಟ ಎರಡನೇ ರಾತ್ರಿ ಇರಲಿ. ಇಡೀ ದಿನ ಸಮುದ್ರದಲ್ಲೇ ಇರುವ ದಿನ ಸಿಕ್ಕರೆ ಅದೇ ಎಲ್ಲಕ್ಕಿಂತ ಒಳ್ಳೆಯದು. ಊರು ಸುತ್ತಿ ಬಂದು ಸುಸ್ತಾದವರು ಯಾರೂ ಇರುವುದಿಲ್ಲ.

ಸಮುದ್ರದ ಕಥೆ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರ ಮಳೆಗಾಲದ್ದು, ನಮ್ಮ ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ಅಕ್ಟೋಬರ್, ನವೆಂಬರ್‌ನಲ್ಲಿ ಸಾಮಾನ್ಯವಾಗಿ ಶಾಂತ, ಆದರೆ ಚಂಡಮಾರುತ ಏಳುವ ತಿಂಗಳುಗಳೂ ಅವೇ. 2019ರ ಅಕ್ಟೋಬರ್ ಕೊನೆಯಲ್ಲಿ ಕ್ಯಾರ್, ಅದರ ಬೆನ್ನಿಗೇ ಮಹಾ ಬಂದಿದ್ದು ನೆನಪಿರಬಹುದು. ಗಾಳಿ ಸರಿಯಿಲ್ಲ ಅನಿಸಿದರೆ ಕ್ಯಾಪ್ಟನ್ ದಾರಿ ಬದಲಿಸಬಹುದು, ಒಂದು ಊರನ್ನೇ ಬಿಡಬಹುದು. ಟಿಕೆಟ್ಟಿನ ಷರತ್ತಿನಲ್ಲೇ ಅದು ಇರುತ್ತದೆ. ಲಕ್ಷದ್ವೀಪದ ಅಗತ್ತಿಯಂಥ ಕಡೆ ಹಡಗು ಹೊರಗೆ ಲಂಗರು ಹಾಕಿ ಜನರನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಒಯ್ಯುತ್ತಾರೆ. ಅಲೆ ಜಾಸ್ತಿ ಇದ್ದರೆ ಅದು ರದ್ದು. ಹಾಗಾಗಿ ದ್ವೀಪದ ಮರಳಿನ ಮೇಲೆ ಕೇಕ್ ಕತ್ತರಿಸುವ ಕನಸು ಬೇಡ. ಸಿಂಗಪುರದಿಂದ ಮಲೇಷ್ಯಾದ ಮಲಾಕ, ಪೆನಾಂಗ್ ಕಡೆ ಹೋಗುವ ಹಡಗುಗಳು ಮಲಾಕ ಜಲಸಂಧಿಯಲ್ಲಿ ಸಾಗುತ್ತವೆ. ಎರಡೂ ಕಡೆ ನೆಲದ ಮರೆ ಇರುವುದರಿಂದ ಅಲೆ ಕಡಿಮೆ. ಎಳೆ ಮಗುವೂ ಅರವತ್ತು ದಾಟಿದವರೂ ಇರುವ ಗುಂಪಿಗೆ ಇದು ದೊಡ್ಡ ಸಮಾಧಾನ.

ಹಡಗಿನ ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಮುಂಬೈನಿಂದ ಹೋಗುವ ಕಾರ್ಡೀಲಿಯಾ ಕಂಪನಿಯ ಎಂಪ್ರೆಸ್ 1990ರ ಹಡಗು. ಆ ಕಾಲದ ಹಡಗುಗಳಲ್ಲಿ ಬಾಲ್ಕನಿ ಕ್ಯಾಬಿನ್ ಕಡಿಮೆ, ಕ್ಯಾಬಿನ್‌ಗಳೂ ಚಿಕ್ಕವು. ಸಿಂಗಪುರದ ಗೆಂಟಿಂಗ್ ಡ್ರೀಮ್ 2016ರದ್ದು, ಅಲ್ಲಿ ಬಾಲ್ಕನಿ ಕ್ಯಾಬಿನ್‌ಗಳೇ ಜಾಸ್ತಿ. ಊಟದ ವಿಷಯದಲ್ಲಿ ಎಂಪ್ರೆಸ್ ಮುಂದು. ಭಾರತೀಯರಿಗೆಂದೇ ಓಡಿಸುವ ಹಡಗು, ಸಸ್ಯಾಹಾರ, ಜೈನ ಊಟ ಎಲ್ಲ ಇದೆ. ಸಿಂಗಪುರದ ಹಡಗಿನಲ್ಲೂ ಭಾರತೀಯ ಸಸ್ಯಾಹಾರ ಸಿಗುತ್ತದೆ, ಆದರೆ ರುಚಿ ಉತ್ತರದ್ದು. ಮೂರು ದಿನ ಪನೀರ್ ನೋಡಿ ಅಪ್ಪ ಮೊಸರನ್ನ ಕೇಳಿದರೆ ಬಿಳಿ ಅನ್ನ, ಮೊಸರು ತರಿಸಿ ನೀವೇ ಕಲಸಿಕೊಡಿ. ಮನೆಯಲ್ಲಿ ಮಾಡಿದ ಅಡುಗೆಯನ್ನು ಒಳಗೆ ಬಿಡುವುದಿಲ್ಲ. ಅಂಗಡಿಯ ಸೀಲ್ ಇರುವ ಪೊಟ್ಟಣದ ಮೈಸೂರು ಪಾಕ್, ಕೋಡುಬಳೆಗೆ ಸಾಮಾನ್ಯವಾಗಿ ತಕರಾರಿಲ್ಲ. ಉಪ್ಪಿನಕಾಯಿಯನ್ನು ಸ್ಯಾಶೆಯಲ್ಲೇ ಒಯ್ಯಿರಿ.

ಬೆಂಗಳೂರಿನಿಂದ ಸಿಂಗಪುರಕ್ಕೆ ನೇರ ವಿಮಾನ, ನಾಲ್ಕೂವರೆ ಗಂಟೆಯ ದಾರಿ. ಹಡಗು ಹೊರಡುವ ದಿನವೇ ಬೆಳಗ್ಗೆ ಇಳಿಯುವ ಸಾಹಸ ಮಾಡಬೇಡಿ. ವಿಮಾನ ತಡವಾಯಿತು ಅಂತ ಹಡಗು ಕಾಯುವುದಿಲ್ಲ. ಹಿಂದಿನ ದಿನವೇ ತಲುಪಿ. ಮಂಗಳೂರಿನ ಪಣಂಬೂರಿಗೂ ಕ್ರೂಸ್ ಹಡಗುಗಳು ಬರುತ್ತವಲ್ಲ ಅಂತ ಕೇಳಬಹುದು. ಅವುಗಳಲ್ಲಿ ಹೆಚ್ಚಿನವು ವಿದೇಶಿ ಪ್ರವಾಸಿಗರನ್ನು ಹೊತ್ತು ಬಂದು, ಮೂಡಬಿದಿರೆ ಬಸದಿ ತೋರಿಸಿಕೊಂಡು ಸಂಜೆಗೆ ಹೊರಟುಬಿಡುವಂಥವು. ನಾವು ಹತ್ತುವುದಕ್ಕೆ ಮುಂಬೈ, ಗೋವಾ, ಕೊಚ್ಚಿ, ಚೆನ್ನೈ ಕಡೆಗೇ ಹೋಗಬೇಕು.

ಇನ್ನು ಬುಕಿಂಗ್. 16 ಜನ ಅಂದರೆ ಏಳೆಂಟು ಕ್ಯಾಬಿನ್. ಬಹಳ ಕಂಪನಿಗಳಲ್ಲಿ 8 ಕ್ಯಾಬಿನ್ ಆದರೆ ಗುಂಪು ಅಂತ ಲೆಕ್ಕ. ಏಳಕ್ಕೆ ನಿಂತಿದ್ದರೆ ಎಂಟನೆಯದರ ಬೆಲೆ ಕೇಳಿ ನೋಡಿ, ಗುಂಪಿನ ರಿಯಾಯಿತಿ ಸೇರಿಸಿದರೆ ಕೆಲವು ಸಲ ವ್ಯತ್ಯಾಸ ಕಡಿಮೆಯೇ ಇರುತ್ತದೆ. ಒಂದೊಂದು ಮನೆಯವರು ಒಂದೊಂದು ಕಡೆ ಬುಕ್ ಮಾಡಿದರಂತೂ ಎಲ್ಲ ಬುಕಿಂಗ್ ನಂಬರ್‌ಗಳನ್ನು ಒಂದಕ್ಕೊಂದು ಜೋಡಿಸಲು ಕಂಪನಿಗೆ ಬರೆಯಿರಿ. ಇದನ್ನು ಬಿಟ್ಟವರು ಊಟದ ಹಾಲ್‌ನಲ್ಲಿ ಮೂರು ಮೂಲೆಯಲ್ಲಿ ಕೂತು ಒಬ್ಬರಿಗೊಬ್ಬರು ಕೈಬೀಸುತ್ತಿರುತ್ತಾರೆ.

ಕ್ಯಾಬಿನ್ ಹಂಚುವಾಗ ಮಕ್ಕಳೆಲ್ಲ ಬಾಲ್ಕನಿ ತೆಗೆದುಕೊಂಡು ಅಪ್ಪ ಅಮ್ಮನಿಗೆ ಒಳಗಿನ ಕಿಟಕಿಯಿಲ್ಲದ ಕೋಣೆ ಕೊಡುವುದನ್ನು ನೋಡಿದ್ದೇನೆ. ಹೇಗೂ ಮಲಗಲಿಕ್ಕೆ ತಾನೇ ಅನ್ನುತ್ತಾರೆ. ಉಲ್ಟಾ ಮಾಡಿ. ಒಂದೇ ಬಾಲ್ಕನಿ ಕೊಳ್ಳಲು ದುಡ್ಡಿದ್ದರೂ ಅದು ಅವರಿಗೆ. ಬೆಳಗ್ಗೆ ಕಾಫಿ ಹಿಡಿದು ಕೂರುವುದು ಅವರೇ, ಮಧ್ಯಾಹ್ನ ಎಲ್ಲರೂ ಸೇರುವುದೂ ಅಲ್ಲೇ. ಹಡಗಿನ ನಡುಭಾಗದಲ್ಲಿ, ತೀರಾ ಮೇಲಲ್ಲದ ಡೆಕ್‌ನಲ್ಲಿ ಕೇಳಿ, ಅಲ್ಲಾಟ ಕಡಿಮೆ. ಯಾವ ಬದಿ ಅನ್ನುವುದನ್ನೂ ನೋಡಿ. ಮುಂಬೈನಿಂದ ಗೋವಾ ಕಡೆಗೆ ಹೋಗುವಾಗ ಸೂರ್ಯಾಸ್ತ ಹಡಗಿನ ಬಲಬದಿಗೆ, ಬರುವಾಗ ಎಡಬದಿಗೆ. ಸಿಂಗಪುರದಿಂದ ಪೆನಾಂಗ್ ಕಡೆಗೆ ಹೋಗುವಾಗ ಎಡಬದಿಗೆ, ಬರುವಾಗ ಬಲಬದಿಗೆ. ಸಿಂಗಪುರದಲ್ಲಿ ವರ್ಷವಿಡೀ ಸಂಜೆ 7ರ ಆಸುಪಾಸಿಗೆ ಮುಳುಗುತ್ತದೆ. ಗುಂಪಿನ ಫೋಟೊವನ್ನು ಆರೂವರೆಗೆ ಡೆಕ್ ಮೇಲೆ ತೆಗೆಸಿಕೊಂಡು ನೇರ ಊಟಕ್ಕೆ ಹೋಗಬಹುದು.

ಹಬ್ಬದ ಊಟದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಆಚರಣೆ ನಡೆಯುವುದು ಅಲ್ಲಿಯೇ. ಹುಟ್ಟಿದ ತಾರೀಖು ಪ್ರಯಾಣಿಕರ ಪಟ್ಟಿಯಲ್ಲಿ ಇರುವುದರಿಂದ ಅದು ಪ್ರಯಾಣದ ನಡುವೆ ಬಿದ್ದರೆ ಹಡಗಿನವರಿಗೆ ಗೊತ್ತಾಗುತ್ತದೆ. ನಿಮ್ಮದು ಬೇರೆ ತಿಂಗಳು. ಮದುವೆಯ ವಾರ್ಷಿಕೋತ್ಸವವಂತೂ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ನೀವು ಹೇಳದೆ ಅವರಿಗೆ ತಿಳಿಯದು. ಹೊರಡುವ ಮೂರ್ನಾಲ್ಕು ವಾರ ಮುಂಚೆ ಕಂಪನಿಗೆ ಇಮೇಲ್ ಬರೆಯಿರಿ. ಯಾವ ರಾತ್ರಿ, ಎಷ್ಟು ಜನ, ಯಾವ ಹಾಲ್, ಎಲ್ಲ ಒಂದೇ ಕಾಗದದಲ್ಲಿ. ಮೊಟ್ಟೆಯಿಲ್ಲದ ಕೇಕ್ ಬೇಕೆಂದು ಬಿಡಿಸಿ ಹೇಳಿ. ಹಡಗಿನಲ್ಲೇ ಬೇಕರಿ ಇರುತ್ತದೆ, ಆದರೆ ಮೊಟ್ಟೆಯಿಲ್ಲದ್ದನ್ನು ಆ ಹೊತ್ತಿಗೆ ಕೇಳಿದರೆ ಆಗುವುದಿಲ್ಲ. ಹತ್ತಿದ ದಿನವೇ ಆ ಇಮೇಲಿನ ಪ್ರಿಂಟ್ ಹಿಡಿದು ಊಟದ ಹಾಲ್‌ನ ಮ್ಯಾನೇಜರನ್ನು ನೋಡಿ. ದಡದ ಕಚೇರಿಗೆ ಬರೆದದ್ದು ಹಡಗಿನ ಅಡುಗೆಮನೆಗೆ ತಲುಪಿರುತ್ತದೆ ಅಂತ ನಂಬಿ ಕೂರಬೇಡಿ. ಈ ಐದು ನಿಮಿಷದ ಭೇಟಿ ಯಾವ ಪ್ಯಾಕೇಜ್‌ಗಿಂತಲೂ ಜಾಸ್ತಿ ಕೆಲಸ ಮಾಡುತ್ತದೆ.

ಬಹಳ ಹಡಗುಗಳಲ್ಲಿ ಹುಟ್ಟುಹಬ್ಬದವರಿಗೆ ಒಂದು ಚಿಕ್ಕ ಕೇಕ್, ಬಡಿಸುವವರ ಗುಂಪಿನ ಒಂದು ಹಾಡು ಪುಕ್ಕಟೆ. ಹಾಡು ಬೇಡ ಅನ್ನುವ ಅಪ್ಪಂದಿರೂ ಇರುತ್ತಾರೆ. ನಿಮ್ಮ ತಂದೆ ಸಂಕೋಚದವರಾದರೆ ಮೊದಲೇ ಬೇಡ ಅಂದುಬಿಡಿ. ಕೇಕಿನ ಮೇಲೆ ಉರಿಯುವ ಬತ್ತಿ ಸಿಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಮುಖ್ಯ ಹಾಲ್‌ನ ಗದ್ದಲ ಬೇಡ ಅಂದರೆ ಬೇರೆ ದುಡ್ಡು ಕೊಡುವ ಸಣ್ಣ ರೆಸ್ಟೋರೆಂಟ್‌ಗಳಿರುತ್ತವೆ. ಬೇಗ ಊಟ ಮಾಡುವ ನಮ್ಮವರಿಗೆ ಸಂಜೆಯ ಮೊದಲ ಸರದಿಯೇ ಅನುಕೂಲ.

ರಾತ್ರಿ 12ಕ್ಕೆ ಕೇಕ್ ಕತ್ತರಿಸುವ ಪದ್ಧತಿಯವರಿಗೆ ಒಂದು ಎಚ್ಚರಿಕೆ. ಸಿಂಗಪುರದ ಕೆಲವು ಹಡಗುಗಳು ಹೋಗುವ ಥಾಯ್ಲೆಂಡಿನ ಫುಕೆಟ್‌ನ ಗಡಿಯಾರ ಸಿಂಗಪುರಕ್ಕಿಂತ 1 ಗಂಟೆ ಹಿಂದೆ. ಹಡಗಿನ ಸಮಯ ಯಾವುದು ಅಂತ ಕೇಳಿಕೊಳ್ಳಿ, ಫೋನ್ ನಂಬಬೇಡಿ. ಪೆಸಿಫಿಕ್ ಸಾಗರ ದಾಟುವ ಹಡಗುಗಳಲ್ಲಿ ಇನ್ನೂ ಮಜಾ ಇದೆ. ತಾರೀಖು ಬದಲಾಗುವ ರೇಖೆಯನ್ನು ಪಶ್ಚಿಮಕ್ಕೆ ದಾಟಿದರೆ ಒಂದು ದಿನ ಕ್ಯಾಲೆಂಡರಿನಿಂದಲೇ ಮಾಯ. ಅದು ನಿಮ್ಮ ಹುಟ್ಟುಹಬ್ಬವಾಗಿದ್ದರೆ ಆ ವರ್ಷ ವಯಸ್ಸಾಗಲೇ ಇಲ್ಲ ಅಂತ ವಾದ ಮಾಡಬಹುದು!

ಕಂಪನಿಗಳು ಮಾರುವ ಆಚರಣೆಯ ಪ್ಯಾಕೇಜ್ ನಿಮಗೆ ಬೇಡ. ಬ್ಯಾನರ್, ಒಂದಷ್ಟು ಬಲೂನು, ಸಣ್ಣ ಕೇಕು, ಒಂದು ಬಾಟಲ್ ವೈನ್. ಬೆಲೆಯ ದೊಡ್ಡ ಪಾಲು ಆ ಬಾಟಲಿನದು. ಕುಡಿಯದ ಮನೆಗೆ ಅದು ದಂಡ. ಅಲಂಕಾರ ಮಾತ್ರ ಕೊಡುತ್ತೀರಾ ಅಂತ ಕೇಳಿ, ಅಥವಾ ನೀವೇ ಒಯ್ಯಿರಿ. ಕ್ಯಾಬಿನ್ ಗೋಡೆ, ಬಾಗಿಲು ಹೆಚ್ಚಾಗಿ ಉಕ್ಕಿನವು. ಅಯಸ್ಕಾಂತದ ಕೊಕ್ಕೆ ಗಟ್ಟಿಯಾಗಿ ಹಿಡಿಯುತ್ತದೆ, ಅಂಟುಪಟ್ಟಿ ಬೇಕಿಲ್ಲ. ಬಟ್ಟೆಯ ತೋರಣ ಒಳಗೆ ಕಟ್ಟಿಕೊಳ್ಳಿ. ಬಾಗಿಲ ಹೊರಗೆ ಕಾಗದ ಅಂಟಿಸುವುದನ್ನು ಕೆಲವರು ಬೆಂಕಿಯ ಭಯಕ್ಕೆ ಬೇಡ ಅನ್ನುತ್ತಾರೆ. ಹೀಲಿಯಂ ಬಲೂನು, ಬಣ್ಣದ ಕಾಗದ ಚಿಮ್ಮಿಸುವ ಕೊಳವೆ ಬೇಡ. ಅಕ್ಷತೆಯನ್ನು ಕ್ಯಾಬಿನ್ ಒಳಗೇ ಹಾಕಿ, ಆಮೇಲೆ ಹಾಸಿನ ಮೇಲಿನದನ್ನು ಆರಿಸಿಬಿಡಿ. ಅಲ್ಲಿ ಗುಡಿಸುವ ಹುಡುಗ ದಿನಕ್ಕೆ ಎಷ್ಟೋ ಕೋಣೆ ನೋಡಬೇಕು.

ಬಟ್ಟೆ. ಇಸ್ತ್ರಿಪೆಟ್ಟಿಗೆ ಇಲ್ಲ ಅಂದೆನಲ್ಲ, ಹಡಗಿನ ಲಾಂಡ್ರಿಯವರು ಇಸ್ತ್ರಿ ಮಾಡಿಕೊಡುತ್ತಾರೆ, ಬೆಲೆ ಜಾಸ್ತಿ. ರೇಷ್ಮೆ ಸೀರೆಗಳನ್ನು ಮಡಿಕೆ ಕೆಡದ ಹಾಗೆ ಚೀಲದಲ್ಲಿಟ್ಟು ಒಯ್ಯಿರಿ. ವಿಶೇಷ ಉಡುಪಿನ ರಾತ್ರಿಗೆ ಪಂಚೆ, ಶಲ್ಯ, ರೇಷ್ಮೆ ಸೀರೆ ಎಲ್ಲ ನಡೆಯುತ್ತದೆ, ಸೂಟು ಹೊಲಿಸಬೇಕಾಗಿಲ್ಲ. ಔಷಧಿ, ಮಗುವಿನ ಸಾಮಾನು, ಮೊದಲ ಸಂಜೆಯ ಬಟ್ಟೆ ಕೈಚೀಲದಲ್ಲೇ ಇರಲಿ, ದೊಡ್ಡ ಪೆಟ್ಟಿಗೆ ತಡವಾಗಿ ಬರುತ್ತದೆ.

ಫೋನ್‌ಗಳನ್ನು ಹಡಗು ಹೊರಡುವಾಗಲೇ ಏರೋಪ್ಲೇನ್ ಮೋಡ್‌ಗೆ ಹಾಕಿಸಿ. ನಡುಸಮುದ್ರದಲ್ಲಿ ಹಡಗಿನ ಮೊಬೈಲ್ ಜಾಲ ಹಿಡಿದುಕೊಂಡರೆ ಬರುವ ಬಿಲ್ ನೋಡಿ ಹಬ್ಬ ಮರೆತುಹೋಗುತ್ತದೆ. ಮೈಸೂರಿನ ಅಜ್ಜಿಗೆ ವಿಡಿಯೋ ಕರೆ ಮಾಡಿ ತೋರಿಸುವ ಆಸೆ ಇದ್ದರೆ ಒಬ್ಬರ ಫೋನಿಗೆ ಮಾತ್ರ ವೈಫೈ ಕೊಂಡರೆ ಸಾಕು. ಟಿಪ್ಸ್ ತಲೆಗೆ, ದಿನಕ್ಕೆ ಇಷ್ಟು ಅಂತ ಬಿಲ್ಲಿಗೆ ಸೇರುತ್ತದೆ. 16 ತಲೆಗೆ ಅದು ಸಣ್ಣ ಮೊತ್ತವಲ್ಲ, ಬಜೆಟ್‌ನಲ್ಲಿ ಈಗಲೇ ಬರೆದುಕೊಳ್ಳಿ. ಪ್ರಯಾಣದ ವಿಮೆ ಮಾಡಿಸಿ. ಹಡಗಿನ ಡಾಕ್ಟರ್ ಫೀಸು ನಮ್ಮ ಊರಿನದಲ್ಲ. ವಾಕರಿಕೆಯ ಮಾತ್ರೆಯನ್ನು ನಿಮ್ಮ ಮನೆ ಡಾಕ್ಟರನ್ನೇ ಕೇಳಿ ಒಯ್ಯಿರಿ, ಬಿಪಿ ಸಕ್ಕರೆ ಇರುವವರಿಗೆ ಎಲ್ಲವೂ ಹೊಂದುವುದಿಲ್ಲ.

ಉಳಿದದ್ದು ನಿಮ್ಮ ಸರ್ಪ್ರೈಸ್. ಅದನ್ನು ಬಿಟ್ಟುಬಿಡಿ ಅನ್ನುವುದು ನನ್ನ ಸಲಹೆ. ಪಾಸ್‌ಪೋರ್ಟ್ ಇನ್ನೂ 6 ತಿಂಗಳು ನಡೆಯುವಂತಿರಬೇಕು. ಸಿಂಗಪುರಕ್ಕೆ ವೀಸಾ ಬೇಕು, ಅದೂ ಎರಡು ಸಲ ಒಳಗೆ ಹೋಗಲು ಅವಕಾಶವಿರುವುದು, ಏಕೆಂದರೆ ಹಡಗು ಅಲ್ಲಿಂದ ಹೊರಟು ಅಲ್ಲಿಗೇ ಬರುತ್ತದೆ. ವೀಸಾಗೆ ಫೋಟೊ ಬೇಕು, ಸಹಿ ಬೇಕು. ನಮ್ಮ ಹಿರಿಯರ ಇನಿಷಿಯಲ್‌ಗಳ ಗೊಂದಲ ಬೇರೆ. ಆಧಾರ್‌ನಲ್ಲಿ ಒಂದು ರೀತಿ, ಪಾಸ್‌ಪೋರ್ಟ್‌ನಲ್ಲಿ ಊರು, ತಂದೆ ಹೆಸರು ಎಲ್ಲ ಬಿಡಿಸಿ ಇನ್ನೊಂದು ರೀತಿ. ಟಿಕೆಟ್ಟು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಅಕ್ಷರ ತಪ್ಪದೆ ಇರಬೇಕು. ಇದೆಲ್ಲವನ್ನೂ ಅಪ್ಪನಿಗೆ ಗೊತ್ತಾಗದ ಹಾಗೆ ಮಾಡಿ ಮುಗಿಸಿದಿರಿ ಅಂತಲೇ ಇಟ್ಟುಕೊಳ್ಳಿ. ಬಂದರಿನ ಕೌಂಟರ್‌ನಲ್ಲಿ ಕೂತ ಹುಡುಗಿ ಪರದೆಯಲ್ಲಿ ನಿಮ್ಮ ಇಮೇಲಿನ ಟಿಪ್ಪಣಿ ನೋಡಿ ಮೊದಲು ಹೇಳುವುದೇ ಶುಭಾಶಯ.

ಪ್ರಯಾಣ ಅವರಿಗೆ ಗೊತ್ತಿರಲಿ, ಎರಡನೇ ರಾತ್ರಿಯ ಊಟ ಮಾತ್ರ ಗುಟ್ಟಾಗಿರಲಿ. ಅದಕ್ಕೂ ಒಂದು ಕೆಲಸ ಇದೆ. ಹಡಗಿನಲ್ಲಿ ಖರ್ಚೆಲ್ಲ ಕ್ಯಾಬಿನ್ ಕಾರ್ಡಿಗೆ ಬೀಳುತ್ತದೆ, ಟಿವಿ ಹಾಕಿದರೆ ಬಿಲ್ ಕಾಣುತ್ತದೆ. ಕೇಕು, ಅಲಂಕಾರದ ಖರ್ಚನ್ನು ನಿಮ್ಮ ಕ್ಯಾಬಿನ್ ಲೆಕ್ಕಕ್ಕೆ ಹಾಕಲು ಬರೆದುಕೊಡಿ, ಇಲ್ಲವಾದರೆ ಅಪ್ಪ ಮಧ್ಯಾಹ್ನವೇ ಇದೇನು ಅಂತ ಕೆಳಗಿನ ಕೌಂಟರ್‌ಗೆ ವಿಚಾರಿಸಲು ಹೋಗಿರುತ್ತಾರೆ. ಮತ್ತೆ, ಅಮ್ಮನಿಗೆ ಎಲ್ಲವನ್ನೂ ಈಗಲೇ ಹೇಳಿಬಿಡಿ. ಪಾಸ್‌ಪೋರ್ಟ್ ಬೀರುವಿನ ಯಾವ ಖಾನೆಯಲ್ಲಿದೆ ಅಂತ ಗೊತ್ತಿರುವುದು ಅವರೊಬ್ಬರಿಗೇ.